ಒಂದು ಡಜನ್ ಬಾಳೆಹಣ್ಣು

ಮೌನೇಶ ಬಡಿಗೇರನ ಎಡಗೈಯಲ್ಲಿ ಕಿರುಬೆರಳಿರಲಿಲ್ಲ. ಹಳೆಯ ಗರಗಸದ ಯಂತ್ರ ಅದನ್ನು ತಿಂದುಹಾಕಿತ್ತು.

“ಉಳಿದ ಒಂಬತ್ತಾದ್ರೂ ಉಳಿಸ್ಕೋರಿ. ಬೆರಳು ಕೊಯ್ಯದ ಮಷೀನ್ ಬಂದೈತಂತ, ಅದನ್ನ ತಗೋರಿ” ಎಂದು ಹೆಂಡತಿ ಹಟ ಹಿಡಿದಿದ್ದಳು.

ಕೊಳ್ಳುವ ಮುಂಚೆ ಡೆಮೊ ನೋಡಲೇಬೇಕೆಂದು ಮೌನೇಶ ಕಂಪನಿಗೆ ಫೋನು ಮಾಡಿದ. “ಬರ್ತೀನಿ ಸಾರ್. ಒಂದು ಡಜನ್ ಬಾಳೆಹಣ್ಣು ತರಿಸಿಟ್ಟಿರಿ” ಎಂದಿತು ಆ ಕಡೆಯ ದನಿ.

ಮೌನೇಶನಿಗೆ ಖುಷಿಯಾಯಿತು. “ನೋಡಿದೇನ? ಪೂಜಿ ಇಲ್ದ ಮಷೀನ್ ಮುಟ್ಟಬಾರ್ದು ಅನ್ನೋದು ಅವರಿಗೂ ಗೊತ್ತೈತಿ!”

ಮರುದಿನ ಯಂತ್ರ ಬಂತು. ಕಂಪನಿಯವನು ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ಒಂದೇ ಕೈಯಲ್ಲಿ ವೈರು ಜೋಡಿಸಿದ. ಅಷ್ಟರಲ್ಲಿ ಕುಂಕುಮ ಹಚ್ಚಿ, ಆರತಿ ಬೆಳಗಿ, ಹಣ್ಣನ್ನೆಲ್ಲ ಓಣಿಯವರಿಗೆ ಹಂಚಿ ಆಗಿತ್ತು.

“ಬಾಳೆಹಣ್ಣೆಲ್ಲಿ ಸಾರ್?”

“ಪ್ರಸಾದ ನಿಮಗೂ ಕೊಟ್ಟೇವಲ್ರಿ, ತಿಂದ್ರಲ್ಲ!”

“ಅಯ್ಯೋ, ಅದನ್ನೇ ಬೆರಳಿನ ಬದಲು ಬ್ಲೇಡಿಗೆ ತಾಗಿಸಿ ತೋರಿಸೋದು ಸಾರ್. ತಾಗಿದ ತಕ್ಷಣ ಮಷೀನು ನಿಂತುಬಿಡುತ್ತೆ.”

“ಬೆರಳು ಕೊಯ್ಯಂಗಿಲ್ಲ ಅಂದಮ್ಯಾಲೆ ಹಣ್ಣು ಯಾಕ್ರಿ? ನಿಮ್ಮ ಬೆರಳೇ ಇಡ್ರಿ.”

ನೆರೆದಿದ್ದವರು ಹೋ ಎಂದು ನಕ್ಕರು. ಕಂಪನಿಯವನು ನಗಲಿಲ್ಲ.

“ಹಣ್ಣಿಲ್ಲದೆ ಡೆಮೊ ಕೊಡಲ್ಲ ಸಾರ್.”

“ಯಾಕ, ಹಿಂದ ಎಲ್ಲೂ ಹಂಗ ಕೊಟ್ಟಿಲ್ಲೇನು?”

“ಕೊಟ್ಟಿದ್ದೀನಿ. ಆ ಊರುಗಳಲ್ಲೂ ಹೀಗೇ ಪ್ರಸಾದ ಹಂಚಿಬಿಟ್ಟಿದ್ರು” ಎನ್ನುತ್ತ ಅವನು ಜೇಬಿನಿಂದ ಎಡಗೈಯನ್ನು ಹೊರಗೆ ತೆಗೆದ.

ಮೂರು ಬೆರಳು ಇರಲಿಲ್ಲ.