ದಡ ಮುಟ್ಟಿದವರಿಗೆ ಟವೆಲ್

“ಇವತ್ತು ಬೆಂಡು ಬ್ಯಾಡ” ಎಂದು ಹುಸೇನಪ್ಪ, ಮುಳುಗದಂತೆ ವಿರುಪಮ್ಮನ ಬೆನ್ನಿಗೆ ಕಟ್ಟಿದ್ದ ಬೆಂಡನ್ನು ಬಿಚ್ಚಿ ಕಾಲುವೆಯ ಕಟ್ಟೆಯ ಮೇಲಿಟ್ಟ.

ಹುಡುಗಿಯ ತಾಯಿ ಹೊನ್ನೂರಮ್ಮ ಎದ್ದು ನಿಂತಳು. ತಿಂಗಳಿಂದ ಮಗಳನ್ನು ಇಲ್ಲಿಗೆ ಕರೆತರುತ್ತಿರುವುದು ಚಿತ್ತವಾಡ್ಗಿಯ ಮನೆಯಲ್ಲಿದ್ದ ಅತ್ತೆಗೆ ಗೊತ್ತಿರಲಿಲ್ಲ. ಹುಡುಗಿಯ ಅಪ್ಪನನ್ನು ನುಂಗಿದ್ದು ಇದೇ ಕಾಲುವೆ.

“ಅಣ್ಣಾ, ನೀರು ಭಾಳ ಬಿಟ್ಟಾರ್ರೀ.”

“ನೀರು ಕಮ್ಮಿ ಇದ್ರ ದಾಟ್ಸಾಕ ನಾನ್ಯಾಕ ಬೇಕವ್ವ, ಎಮ್ಮಿ ಸಾಕು. ಕುಂದ್ರು.”

ಹುಸೇನಪ್ಪ ಈಜಿನಲ್ಲಿ ಎರಡು ಸಲ ಇಡೀ ರಾಜ್ಯಕ್ಕೆ ಮೊದಲಿಗನಾಗಿ ಬಂದವನು. ಪದಕ ನೋಡಲೆಂದು ಅವನ ಮನೆಗೆ ಯಾರೂ ಹೋದವರಿಲ್ಲ. ಕಾಲುವೆಯಲ್ಲಿ ಯಾರಾದರೂ ಮುಳುಗಿದಾಗ ಮಾತ್ರ ಹೋಗಿ ಕದ ಬಡಿಯುತ್ತಿದ್ದರು. ಹೆಣ ತೆಗೆದವನಿಗೆ ದುಡ್ಡು ಕೊಡಬಾರದು, ಹೊಸ ಟವೆಲ್ ಹೊದಿಸಬೇಕು ಎಂಬುದು ಪದ್ಧತಿ. ಮೂರು ವರ್ಷದ ಹಿಂದೆ ಹೊನ್ನೂರಮ್ಮನೂ ಹೊದಿಸಿದ್ದಳು. ಅಂಗಡಿಗೆ ಹೋಗುವಷ್ಟು ಪುರುಸೊತ್ತು ಇರಲಿಲ್ಲ. ಯುಗಾದಿಗೆ ಗಂಡ ಹೆಗಲಿಗೆ ಹಾಕಿಕೊಳ್ಳಲೆಂದು ತೆಗೆದಿಟ್ಟಿದ್ದ ಟವೆಲನ್ನೇ ಕೊಟ್ಟಿದ್ದಳು. ಟವೆಲುಗಳಿಂದ ಟ್ರಂಕು ತುಂಬಿದ ವರ್ಷ ಹುಸೇನಪ್ಪ ಊರಿನ ಮಕ್ಕಳಿಗೆ ಈಜು ಕಲಿಸತೊಡಗಿದ. ಒಬ್ಬರೇ ಆಚೆ ದಡ ಮುಟ್ಟಿದವರಿಗೆ ಬಹುಮಾನದ ಕಪ್ಪಿನ ಬದಲು ಒಂದು ಟವೆಲ್ ಕೊಡುತ್ತಿದ್ದ.

“ನೀರಿನ ಕೂಡ ಜಗಳ ಬ್ಯಾಡ. ಅದು ಹೋದಂಗ ಹೋಗು, ಓರೆ ಹೋಗು” ಎಂದ ಅವನು. ವಿರುಪಮ್ಮ ಹಾರಿದಳು.

ನಡುನೀರಿನಲ್ಲಿ ಅವಳ ಕೈ ನಿಂತಿತು. ತಲೆ ಕಾಣಲಿಲ್ಲ.

“ಅಣ್ಣಾ, ಹಾರ್ರೀ!”

ಹುಸೇನಪ್ಪ ಹಾರಲಿಲ್ಲ. ಲುಂಗಿಯನ್ನು ಮಾತ್ರ ಆಗಲೇ ಬಿಚ್ಚಿ, ಚಡ್ಡಿಯಲ್ಲಿ ಕಾಲುವೆಯ ಅಂಚಿಗೆ ಬಂದು ನಿಂತಿದ್ದ. “ತಡಿಯವ್ವ” ಎಂದ.

ತಲೆ ಮೇಲೆ ಬಂತು. ಹುಡುಗಿ ಉಗುಳಿದಳು, ಕೆಮ್ಮಿದಳು, ಮತ್ತೆ ಕೈ ಬಡಿದಳು. ತುಂಬ ಕೆಳಗೆ, ತೂಬಿನ ಹತ್ತಿರ, ಆಚೆ ದಡದ ಹುಲ್ಲು ಹಿಡಿದಳು.

ಸೇತುವೆ ದಾಟಿ ನಡುಗುತ್ತ ಬಂದವಳ ಹೆಗಲಿಗೆ ಹುಸೇನಪ್ಪ ಚೀಲದಿಂದ ಟವೆಲ್ ತೆಗೆದು ಹೊದಿಸಿದ. “ಗಂಡುಹುಡುಗ್ರು ನಾಕು ಮಂದಿ ಕೇಳಿದ್ರು ಇದನ್ನ. ಕೊಡ್ಲಿಲ್ಲ” ಎಂದು ಹೇಳಿ ಲುಂಗಿ ಹುಡುಕಲು ಹೋದ.

ಟವೆಲಿನ ಮೂಲೆಯಲ್ಲಿ ಹಸಿರು ದಾರದ ಹೊಲಿಗೆಯಿತ್ತು. ವಿರುಪಮ್ಮ ಅದನ್ನು ಕಣ್ಣ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿದಳು.

“ಯವ್ವಾ, ಇದ್ರಾಗ ಅಪ್ಪನ ಹೆಸರು ಐತಿ.”

“ಹೂಂ” ಎಂದಳು ಹೊನ್ನೂರಮ್ಮ. “ತಲಿ ಒರೆಸ್ಕೊ. ನೆಗಡಿ ಆಗ್ತೈತಿ.”