ಸಾಹೇಬರು ಮೆಚ್ಚಿದ ಚಿತ್ರ

“ಬಣ್ಣದ ಪೆನ್ಸಿಲಲ್ಲಿ ಇಷ್ಟೊಂದು ಮೌನ! ನಿನ್ನ ಕೈಯೇನಮ್ಮಾ ಇದು?” ಊಟಿಯ ಕಚೇರಿಯಲ್ಲಿ ಸಾಹೇಬರು ತಮ್ಮ ಹಿಂದಿನ ಗೋಡೆ ತೋರಿಸಿದರು. ಮಸಿನಗುಡಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಬೊಮ್ಮಿ ತಲೆಯೆತ್ತಿದಳು. ಕಾಡಂಚಿನ ತಮ್ಮ ಬುಡಕಟ್ಟಿನ ಹಾಡಿಯ ಜಾಗ ತಮ್ಮದೇ ಎಂದು ತೋರಿಸಲು ಕಾಡಿನ ಹಕ್ಕಿನ ಅರ್ಜಿಯ ಜೊತೆ ಅವಳು ಬರೆದುಕೊಟ್ಟಿದ್ದ ನಕಾಶೆ ಗಾಜಿನೊಳಗೆ ತೂಗುತ್ತಿತ್ತು.

“ಈ ಹಸಿರು ಪಟ್ಟೆ, ಆ ಬಾಗಿದ ನೀಲಿ ಗೆರೆ. ಅರ್ಧ ಬೆಟ್ಟ, ಅರ್ಧ ಕನಸು! ಕಂದು ಚುಕ್ಕೆಗಳಂತೂ ಮಳೆಹನಿ ಬಿದ್ದ ಹಾಗೆ.”

“ಹನಿ ಅಲ್ಲ ಸಾರ್, ಸತ್ತವರ ಕಲ್ಲು. ಒಬ್ಬೊಬ್ಬರಿಗೆ ಒಂದೊಂದು ಇಡ್ತೀವಿ. ಹಳ್ಳದ ಪಕ್ಕದ್ದು ನಮ್ಮಪ್ಪಂದು. ಎಣಿಸಿದ್ರೆ ಗೊತ್ತಾಗ್ತದೆ, ಎಷ್ಟು ತಲೆಮಾರಿಂದ ಅಲ್ಲಿದ್ದೀವಿ ಅಂತ.”

ಸಾಹೇಬರು ತಲೆದೂಗಿದರು, ಚಿತ್ರಕ್ಕೆ ಇನ್ನೊಂದು ಅರ್ಥ ಸಿಕ್ಕ ಸಂತೋಷ ಮುಖದಲ್ಲಿತ್ತು. ಆಮೇಲೆ ಅರ್ಜಿಯನ್ನು ಅವಳ ಕಡೆಗೆ ಸರಿಸಿ, ಅದರ ಮೇಲಿದ್ದ ಕೆಂಪು ಶಾಯಿಯ ಸಾಲನ್ನು ತಾವೇ ಓದಿ ಹೇಳಿದರು: “ನಕಾಶೆ ಲಗತ್ತಿಸಿಲ್ಲ. ತಿರಸ್ಕರಿಸಲಾಗಿದೆ.”

“ಅಲ್ಲೇ ಇದೆಯಲ್ಲಾ ಸಾರ್!” ಬೊಮ್ಮಿ ಗೋಡೆಗೆ ಕೈ ತೋರಿಸಿದಳು.

“ಅದಕ್ಕೆ ಫ್ರೇಮ್ ಹಾಕಿಸಿ ಆಯ್ತಲ್ಲಮ್ಮಾ. ಇನ್ನೊಂದು ಬರ್ಕೊಂಡು ಬಾ,” ಎಂದ ಸಾಹೇಬರು, ಅವಳ ಒಳ್ಳೆಯದಕ್ಕೆಂದೇ ದನಿ ತಗ್ಗಿಸಿದರು. “ಈ ಸಲ ಇಷ್ಟು ಚೆನ್ನಾಗಿ ಬರೀಬೇಡ.”