ಹೇಳದಿದ್ದರೂ ತಿಳಿಯುವ ಮಗ

"ಅದನ್ನ ಮುಟ್ಬೇಡಮ್ಮಾ, ಅದು ನಮ್ಮದೇ!" ಎಂದು ಮಗ ಕಂಪ್ಯೂಟರಿನ ಮೌಸಿಗೆ ಕೈ ಹಾಕಿದ. ಟೈಲರಮ್ಮ ಅಳತೆ ಟೇಪು ಹಿಡಿದಿದ್ದ ಕೈಯಿಂದಲೇ ಅವನ ಕೈಯನ್ನು ಆಚೆ ತಳ್ಳಿದಳು. ಆಂಟಿವೈರಸ್ ಜೊತೆಗೆ ಇದೂ ಇರಲಿ ಎಂದು ಅವಳು ಅಂದು ಬೆಳಿಗ್ಗೆಯಷ್ಟೇ ಹಾಕಿಕೊಂಡಿದ್ದ, ಕದ್ದು ನೋಡುವವರನ್ನು ಹಿಡಿಯುವ ಆಂಟಿ-ಸ್ಪೈವೇರ್ ಪರದೆಯ ಮೇಲೆ ಕೆಂಪಕ್ಷರದಲ್ಲಿ ಹೇಳುತ್ತಿತ್ತು: ಇಲ್ಲಿ ಟೈಪು ಮಾಡಿದ್ದೆಲ್ಲ ಬೇರೊಬ್ಬರಿಗೆ ಹೋಗುತ್ತಿದೆ. ಅದೆಲ್ಲ ಹೋಗುತ್ತಿದ್ದ ಇಮೇಲ್ ವಿಳಾಸವೂ ಕೆಳಗೇ ಇತ್ತು. ಅದು ಮಗನದು.

"ನಮ್ಮದಾ? ನಮ್ಮದು ಅಂದ್ರೆ ಯಾರದೋ? ಆಂಟಿವೈರಸ್ ಇದೆಯಲ್ಲ, ಒಂದು ಮನೆಗೆ ಎರಡು ನಾಯಿ ಯಾಕೆ ಅಂತ ನೀನು ಕೇಳ್ತಿದ್ದದ್ದು ಇದಕ್ಕೇನಾ? ಆ ಮೊದಲನೇ ನಾಯಿಗೆ ಬೊಗಳಬೇಡ ಅಂತ ನೀನೇ ಹೇಳಿಟ್ಟಿದ್ದೆ, ಅಲ್ವಾ?"

"ಯಾರಾದ್ರೂ ನಿನಗೆ ಟೋಪಿ ಹಾಕಿಬಿಟ್ರೆ ಅಂತ... ನಿನ್ನ ಒಳ್ಳೇದಕ್ಕೇ ಅಮ್ಮಾ."

"ಒಳ್ಳೇದಕ್ಕಂತೆ, ಒಳ್ಳೇದು!"

ಅಷ್ಟರಲ್ಲಿ ಅವಳ ಕಣ್ಣು ಹೊಲಿಗೆ ಮೆಷಿನ್ನಿನ ಮೇಲಿದ್ದ ಮುಲಾಮಿನ ಟ್ಯೂಬಿಗೆ ಬಿತ್ತು. ಸೊಂಟ ನೋಯುತ್ತಿದೆಯೆಂದು ಅವಳು ಇಮೇಲ್ ಬರೆದದ್ದು ದೂರದೂರಿನ ಅಕ್ಕನಿಗೆ ಮಾತ್ರ. ಮರುದಿನವೇ ಮಗ ಮುಲಾಮು ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಂದಿನಿಂದ ಹೊಲಿಸಲು ಬಂದವರಿಗೆಲ್ಲ ಅವಳದು ಒಂದೇ ಮಾತು: "ನಾನು ಬಾಯಿಬಿಟ್ಟು ಹೇಳದಿದ್ರೂ ನನ್ನ ಮಗನಿಗೆ ಗೊತ್ತಾಗುತ್ತೆ ಕಣ್ರೀ. ಕರುಳಿನ ಸಂಬಂಧ ಅಂದ್ರೆ ಅದು!"

ಅವಳು 'ಅಳಿಸು' ಒತ್ತಿದಳು. ಕೆಂಪಕ್ಷರ ಮಾಯವಾಯಿತು. ಟ್ಯೂಬನ್ನು ಎತ್ತಿ ಅವನ ಅಂಗೈಗೆ ತುರುಕಿದಳು.

"ಈಗ ಹೇಳಪ್ಪಾ, ನನಗೆ ಎಲ್ಲಿ ನೋಯ್ತಾ ಇದೆ?"